ನಡುಗಂಬದಲ್ಲಿ ಜಾಗವಿಲ್ಲ: ಗೋಳಾಕಾರದ ಟೋಕಮ್ಯಾಕ್‌ನಲ್ಲಿ ಪ್ಲಾಸ್ಮಾ ಪ್ರವಾಹದ ಹುಟ್ಟು ಮತ್ತು ಏರಿಕೆ

ಸಮ್ಮಿಲನ ಶಕ್ತಿಯ ಮಾತು ಬಂದಾಗಲೆಲ್ಲ ಚರ್ಚೆ ಉಷ್ಣತೆಯಿಂದಲೇ ಶುರುವಾಗುತ್ತದೆ. ಹತ್ತು ಕೋಟಿ ಡಿಗ್ರಿ, ಸೂರ್ಯನ ಒಡಲಿಗಿಂತ ಬಿಸಿ, ಇತ್ಯಾದಿ. ಇಂದು ಅದನ್ನು ಬದಿಗಿಡೋಣ. ಬಿಸಿ ಮಾಡುವುದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ: ನಿರ್ವಾತ ಪಾತ್ರೆಯೊಳಗಿನ ತೆಳು ಅನಿಲವನ್ನು ಎಲೆಕ್ಟ್ರಾನು ಮತ್ತು ಅಯಾನುಗಳಾಗಿ ಒಡೆದು, ಅಂದರೆ ಪ್ಲಾಸ್ಮಾ ಮಾಡಿ, ಅದರಲ್ಲಿ ವಿದ್ಯುತ್ ಪ್ರವಾಹವನ್ನು ಹುಟ್ಟಿಸಿ, ಅದನ್ನು ಲಕ್ಷಗಟ್ಟಲೆ ಆಂಪಿಯರಿಗೆ ಏರಿಸುವುದು. ಸಾಮಾನ್ಯ ಟೋಕಮ್ಯಾಕ್‌ನಲ್ಲಿ, ಅಂದರೆ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರದಾಕಾರದ ಯಂತ್ರದಲ್ಲಿ, ಇದು ಹಳೆಯ ಕಸುಬು. ಗೋಳಾಕಾರದ ಟೋಕಮ್ಯಾಕ್‌ನಲ್ಲಿ ಇದೇ ತಲೆನೋವು.

ಈ ಪ್ರವಾಹ ಏಕೆ ಬೇಕು? ಉಂಗುರದ ಸುತ್ತ ಸುರುಳಿಗಳನ್ನಿಟ್ಟು ಬಲವಾದ ಕಾಂತಕ್ಷೇತ್ರ ಕೊಟ್ಟರೆ ಸಾಲದು. ಆ ಕ್ಷೇತ್ರ ಒಳಬದಿಯಲ್ಲಿ ಹೆಚ್ಚು, ಹೊರಬದಿಯಲ್ಲಿ ಕಡಿಮೆ. ಹಾಗಾಗಿ ಎಲೆಕ್ಟ್ರಾನುಗಳು ಒಂದು ಕಡೆಗೆ, ಅಯಾನುಗಳು ಇನ್ನೊಂದು ಕಡೆಗೆ ಮೇಲೆ ಕೆಳಗೆ ಸರಿದು, ಅವುಗಳ ನಡುವೆ ಹುಟ್ಟುವ ವಿದ್ಯುತ್ ಕ್ಷೇತ್ರ ಇಡೀ ಪ್ಲಾಸ್ಮಾವನ್ನು ಗೋಡೆಗೆ ತಳ್ಳುತ್ತದೆ. ಪ್ಲಾಸ್ಮಾದೊಳಗೇ ಉಂಗುರದ ಉದ್ದಕ್ಕೂ ಪ್ರವಾಹ ಹರಿದಾಗ ಮಾತ್ರ ಕ್ಷೇತ್ರರೇಖೆಗಳು ಹಗ್ಗದಂತೆ ಹುರಿಗೊಂಡು, ಒಂದರೊಳಗೊಂದು ಮುಚ್ಚಿದ ಪದರಗಳಾಗುತ್ತವೆ. ಟೋಕಮ್ಯಾಕ್‌ನಲ್ಲಿ ಪ್ಲಾಸ್ಮಾವನ್ನು ಹಿಡಿದಿಡುವ ಪಂಜರದ ಅರ್ಧ ಭಾಗವನ್ನು ಪ್ಲಾಸ್ಮಾವೇ ಕಟ್ಟಿಕೊಳ್ಳಬೇಕು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ತೊಡಕುಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಹಳೆಯ ವಿಧಾನ ಟ್ರಾನ್ಸ್‌ಫಾರ್ಮರಿನದು. ಉಂಗುರದ ನಡುವಿನ ರಂಧ್ರದಲ್ಲಿ ಎತ್ತರದ ಸುರುಳಿಯೊಂದನ್ನು, ಅಂದರೆ ಸೊಲೆನಾಯ್ಡನ್ನು ನಿಲ್ಲಿಸುತ್ತಾರೆ. ಅದರೊಳಗಿನ ಕಾಂತೀಯ ಫ್ಲಕ್ಸ್ (ಅದರ ಮೂಲಕ ಹಾಯುವ ಒಟ್ಟು ಕಾಂತಕ್ಷೇತ್ರ) ಬದಲಾಗುತ್ತಿರುವಷ್ಟು ಹೊತ್ತು ಪ್ಲಾಸ್ಮಾದ ಸುತ್ತ ವೋಲ್ಟೇಜ್ ಇರುತ್ತದೆ. ಸೊಲೆನಾಯ್ಡ್ ಪ್ರಾಥಮಿಕ ಸುತ್ತು, ಪ್ಲಾಸ್ಮಾ ಒಂದೇ ಒಂದು ಸುತ್ತಿನ ದ್ವಿತೀಯಕ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಬೃಹತ್ ಟೋಕಮ್ಯಾಕ್ ಇಟರ್‌ನ ಸೊಲೆನಾಯ್ಡ್ ಸಾವಿರ ಟನ್ ತೂಗುತ್ತದೆ, ಅದರೊಳಗಿನ ಕ್ಷೇತ್ರ 13 ಟೆಸ್ಲಾ ಮುಟ್ಟುತ್ತದೆ. ಅಲ್ಲಿ ಉಂಗುರದ ದೊಡ್ಡ ತ್ರಿಜ್ಯ 6.2 ಮೀಟರ್, ಪ್ಲಾಸ್ಮಾದ ಅಡ್ಡಕೊಯ್ತದ ತ್ರಿಜ್ಯ 2 ಮೀಟರ್. ಎರಡರ ಅನುಪಾತ ಮೂರರ ಆಸುಪಾಸು. ನಡುವೆ ಧಾರಾಳ ಜಾಗವಿದೆ.

ಗೋಳಾಕಾರದ ಟೋಕಮ್ಯಾಕ್‌ನಲ್ಲಿ ಇದೇ ಅನುಪಾತವನ್ನು 1.2ರಿಂದ 1.8ರವರೆಗೆ ಇಳಿಸುತ್ತಾರೆ. ಉಂಗುರ ಉಬ್ಬಿ ಹೆಚ್ಚೂ ಕಡಿಮೆ ಚೆಂಡಿನಂತಾಗುತ್ತದೆ, ನಡುವೆ ಕಿರಿದಾದ ರಂಧ್ರ ಮಾತ್ರ ಉಳಿಯುತ್ತದೆ. ಇದರ ಲಾಭಗಳನ್ನು ಮಾರ್ಟಿನ್ ಪೆಂಗ್ ಮತ್ತು ಡೆನ್ನಿಸ್ ಸ್ಟ್ರಿಕ್ಲರ್ 1986ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಇಂಗ್ಲೆಂಡಿನ ಕಲ್ಹಮ್‌ನಲ್ಲಿ 1991ರಲ್ಲಿ ಶುರುವಾದ ಸ್ಟಾರ್ಟ್ ಎಂಬ ಪುಟ್ಟ ಯಂತ್ರ ಅದನ್ನು ಪ್ರಯೋಗದಲ್ಲಿ ಸಾಬೀತುಮಾಡಿತು. ಪ್ಲಾಸ್ಮಾದ ಒತ್ತಡವನ್ನು ಕಾಂತಕ್ಷೇತ್ರದ ಒತ್ತಡಕ್ಕೆ ಹೋಲಿಸುವ ಬೀಟಾ ಎಂಬ ಅಳತೆ ಸಾಮಾನ್ಯ ಟೋಕಮ್ಯಾಕ್‌ಗಳಲ್ಲಿ ಕೆಲವೇ ಶೇಕಡಾ ಇರುತ್ತದೆ. ಸ್ಟಾರ್ಟ್ 40 ಶೇಕಡಾ ತಲುಪಿತು. ಕಡಿಮೆ ಕಾಂತಕ್ಷೇತ್ರದಲ್ಲಿ ಹೆಚ್ಚು ಪ್ಲಾಸ್ಮಾ ಹಿಡಿಯಬಹುದು ಎಂದರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ?

ಆದರೆ ಆ ರಂಧ್ರವನ್ನು ಹತ್ತಿರದಿಂದ ನೋಡಿ. ಪ್ರಿನ್ಸ್‌ಟನ್‌ನಲ್ಲಿ 1999ರಲ್ಲಿ ಶುರುವಾದ ಎನ್‌ಎಸ್‌ಟಿಎಕ್ಸ್ ಯಂತ್ರದ ದೊಡ್ಡ ತ್ರಿಜ್ಯ ಸುಮಾರು 85 ಸೆಂಟಿಮೀಟರ್, ಪ್ಲಾಸ್ಮಾದ ತ್ರಿಜ್ಯ ಸುಮಾರು 65. ಕಳೆಯಿರಿ, ಉಳಿಯುವುದು 20 ಸೆಂಟಿಮೀಟರ್. ಇಷ್ಟರಲ್ಲಿ ಮೊದಲು ಉಂಗುರದ ಸುತ್ತಿನ ಸುರುಳಿಗಳ ಒಳಬದಿಯಾದ ತಾಮ್ರದ ಕಂಬ ಕೂರಬೇಕು. ಪ್ಲಾಸ್ಮಾದ ನಡುವೆ 0.45 ಟೆಸ್ಲಾ ಕ್ಷೇತ್ರ ಬೇಕಾದರೆ ಈ ಕಂಬದ ಮೂಲಕ ಸುಮಾರು 19 ಲಕ್ಷ ಆಂಪಿಯರ್ ಹರಿಯಬೇಕು. ಅದಕ್ಕೆ ತಂಪು ಮಾಡುವ ನೀರಿನ ಕೊಳವೆ ಬೇಕು, ಇನ್ಸುಲೇಷನ್ ಬೇಕು, ಹೊರಗೆ ಪ್ಲಾಸ್ಮಾದ ಶಾಖ ತಡೆಯುವ ಗ್ರಾಫೈಟ್ ಬಿಲ್ಲೆಗಳು ಬೇಕು. ಇಷ್ಟೆಲ್ಲ ಆದ ಮೇಲೆ ಮಿಕ್ಕ ಸಂದಿಯಲ್ಲಿ ಸೊಲೆನಾಯ್ಡ್.

ಸೊಲೆನಾಯ್ಡ್ ಕೊಡಬಲ್ಲ ಫ್ಲಕ್ಸ್ ಅದರ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆ. ತ್ರಿಜ್ಯ 10 ಸೆಂಟಿಮೀಟರ್, ಕ್ಷೇತ್ರ 8 ಟೆಸ್ಲಾ ಎಂದುಕೊಳ್ಳಿ. ಒಂದು ದಿಕ್ಕಿನಿಂದ ಪೂರ್ತಿ ಎದುರು ದಿಕ್ಕಿಗೆ ತಿರುಗಿಸಿದರೂ ಸಿಗುವುದು ಅರ್ಧ ವೋಲ್ಟ್-ಸೆಕೆಂಡ್, ಅಂದರೆ ಒಂದು ವೋಲ್ಟನ್ನು ಅರ್ಧ ಸೆಕೆಂಡ್ ಕೊಡುವಷ್ಟು ಫ್ಲಕ್ಸ್. ತ್ರಿಜ್ಯವನ್ನು ಇಮ್ಮಡಿ ಮಾಡಿದರೆ ಎರಡು ವೋಲ್ಟ್-ಸೆಕೆಂಡ್. ಇಟರ್‌ನ ಅಳತೆಗಳನ್ನು ಇದೇ ಲೆಕ್ಕಕ್ಕೆ ಹಾಕಿದರೆ ಇನ್ನೂರಕ್ಕೂ ಹೆಚ್ಚು ಬರುತ್ತದೆ. ಒಂದು ಮೆಗಾಆಂಪಿಯರ್ ಪ್ರವಾಹ ಬೇಕಾದ ಸಣ್ಣ ಯಂತ್ರದಲ್ಲಿ ಪ್ಲಾಸ್ಮಾದ ರೋಧವನ್ನು ಗೆಲ್ಲುವುದಕ್ಕೇ ಅರ್ಧ ವೋಲ್ಟ್-ಸೆಕೆಂಡಿನ ಹತ್ತಿರ ಖರ್ಚಾಗುತ್ತದೆ. ಪ್ರವಾಹದ ಸುತ್ತ ಕಾಂತಕ್ಷೇತ್ರ ಕಟ್ಟುವ ಖರ್ಚು ಬೇರೆ. ಮುಗಿದ ಮೇಲೆ ಪ್ರವಾಹವನ್ನು ಉಳಿಸಿಕೊಳ್ಳಲು ಬಿಡಿಗಾಸೂ ಇರುವುದಿಲ್ಲ.

ಇದು ಪ್ರಯೋಗದ ಯಂತ್ರದ ಕಥೆ. ವಿದ್ಯುತ್ ಉತ್ಪಾದಿಸುವ ಸ್ಥಾವರದಲ್ಲಿ ಇನ್ನೊಂದು ಶತ್ರುವಿದೆ. ಇಂಧನವಾದ ಡ್ಯುಟೀರಿಯಂ ಮತ್ತು ಟ್ರಿಟಿಯಂ (ಹೈಡ್ರೋಜನ್ನಿನ ಭಾರದ ರೂಪಗಳು) ಕೂಡಿದಾಗ ಹೊರಬೀಳುವ ನ್ಯೂಟ್ರಾನಿನ ಶಕ್ತಿ 14.1 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಸುರುಳಿಯ ಇನ್ಸುಲೇಷನ್ ಅದರ ಹೊಡೆತವನ್ನು ವರ್ಷಗಟ್ಟಲೆ ತಾಳಲಾರದು. ಕಾಪಾಡಲು ದಪ್ಪನೆಯ ಕವಚ ಹಾಕಬೇಕು, ಕವಚ ಹಾಕಿದರೆ ಸೊಲೆನಾಯ್ಡಿಗೆ ಜಾಗವಿಲ್ಲ. ಹಾಗಾದರೆ ಸೊಲೆನಾಯ್ಡನ್ನೇ ಬಿಟ್ಟುಬಿಡೋಣ, ಅಥವಾ ಕಿಡಿ ಹೊತ್ತಿಸುವಷ್ಟಕ್ಕೆ ಮಾತ್ರ ಚಿಕ್ಕದೊಂದನ್ನು ಇಡೋಣ ಎಂಬ ಆಲೋಚನೆ ಬಂದದ್ದು ಹೀಗೆ.

ಇಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: ಇಷ್ಟು ದೊಡ್ಡ ಪ್ರವಾಹಕ್ಕೆ ಅಪಾರ ಶಕ್ತಿ ಬೇಕಲ್ಲವೇ, ಕೊರತೆ ಅದರದ್ದೇ ಇರಬೇಕಲ್ಲವೇ? ಒಳ್ಳೆಯ ಪ್ರಶ್ನೆ, ಉತ್ತರ ಅಚ್ಚರಿಯದು. ಎನ್‌ಎಸ್‌ಟಿಎಕ್ಸ್ ಗಾತ್ರದ ಪ್ಲಾಸ್ಮಾದ ಪ್ರೇರಕತೆ, ಅಂದರೆ ಪ್ರವಾಹದ ಬದಲಾವಣೆಯನ್ನು ವಿರೋಧಿಸುವ ಗುಣದ ಅಳತೆ, ಸುಮಾರು ಒಂದು ಮೈಕ್ರೋಹೆನ್ರಿ. ಅದರಲ್ಲಿ ಒಂದು ಮೆಗಾಆಂಪಿಯರ್ ಹರಿಯುವಾಗ ಕೂಡಿಟ್ಟ ಕಾಂತೀಯ ಶಕ್ತಿ ಅರ್ಧ ಮೆಗಾಜೂಲ್. ಪ್ರಯೋಗಾಲಯದ ಮಟ್ಟಕ್ಕೆ ಅದೇನೂ ದೊಡ್ಡದಲ್ಲ. ಕೊರತೆ ಇರುವುದು ಶಕ್ತಿಯದ್ದಲ್ಲ, ಆ ಶಕ್ತಿಯನ್ನು ಸರಿಯಾದ ದಿಕ್ಕಿನ ಚಲನೆಯಾಗಿ ಎಲೆಕ್ಟ್ರಾನುಗಳಿಗೆ ಮುಟ್ಟಿಸುವ ದಾರಿಯದು. ಮೈಕ್ರೋವೇವ್ ಮೂಲಕ ಮೆಗಾವಾಟ್‌ಗಟ್ಟಲೆ ಶಕ್ತಿ ಸುರಿಯಬಹುದು, ಅದರಿಂದ ಪ್ಲಾಸ್ಮಾ ಬಿಸಿಯಾಗುತ್ತದೆಯೇ ಹೊರತು ತಾನಾಗಿ ಒಂದೇ ದಿಕ್ಕಿಗೆ ಓಡುವುದಿಲ್ಲ.

ಈಗ ದಾರಿಗಳನ್ನು ನೋಡೋಣ. ಮೊದಲನೆಯದು ಎಲ್ಲರ ಕಣ್ಣೆದುರೇ ಇದ್ದು ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳದ್ದು. ಪ್ರವಾಹ ಹರಿಯುವ ಉಂಗುರ ತನ್ನಷ್ಟಕ್ಕೆ ತಾನು ಹಿಗ್ಗಲು ನೋಡುತ್ತದೆ. ಅದನ್ನು ಒಳಕ್ಕೆ ಒತ್ತಿ ಹಿಡಿಯಲು ಹೊರಗಿನ ಸುರುಳಿಗಳಿಂದ ಲಂಬ ಕಾಂತಕ್ಷೇತ್ರ ಕೊಡಬೇಕು. ಪ್ರವಾಹ ಏರಿದಂತೆ ಈ ಕ್ಷೇತ್ರವೂ ಏರಬೇಕು. ಏರುವ ಕ್ಷೇತ್ರ ಎಂದರೆ ಬದಲಾಗುವ ಫ್ಲಕ್ಸ್, ಅದೂ ಪ್ರವಾಹಕ್ಕೆ ನೆರವಾಗುವ ದಿಕ್ಕಿನಲ್ಲೇ. 85 ಸೆಂಟಿಮೀಟರ್ ತ್ರಿಜ್ಯದ ಉಂಗುರದಲ್ಲಿ ಒಂದು ಮೆಗಾಆಂಪಿಯರಿಗೆ ಸುಮಾರು 0.2 ಟೆಸ್ಲಾ ಲಂಬ ಕ್ಷೇತ್ರ ಬೇಕಾಗುತ್ತದೆ. ಉಂಗುರದ ವಿಸ್ತೀರ್ಣದಿಂದ ಗುಣಿಸಿದರೆ 0.4 ವೋಲ್ಟ್-ಸೆಕೆಂಡ್ ದಾಟುತ್ತದೆ. ಒರಟು ಲೆಕ್ಕ, ನಿಜ. ಆದರೂ ನಾವು ಆಗ ಹೇಳಿದ ಪುಟ್ಟ ಸೊಲೆನಾಯ್ಡ್ ಕೊಡುವಷ್ಟೇ ಫ್ಲಕ್ಸ್ ಇದು, ಯಾವುದೇ ಹೆಚ್ಚುವರಿ ಸುರುಳಿಯಿಲ್ಲದೆ! ಜಪಾನಿನ ಜೆಟಿ-60ಯು ಗೋಳಾಕಾರದ್ದಲ್ಲದಿದ್ದರೂ 2000ರ ದಶಕದ ಆರಂಭದಲ್ಲಿ ಮುಖ್ಯ ಸೊಲೆನಾಯ್ಡಿನ ನೆರವಿಲ್ಲದೆ, ಇಂಥ ಹೊರಸುರುಳಿಗಳು, ರೇಡಿಯೊ ತರಂಗಗಳು ಮತ್ತು ಕಣಗಳ ಕಿರಣಗಳನ್ನು ಸೇರಿಸಿಕೊಂಡು ಪ್ರವಾಹವನ್ನು 0.7 ಮೆಗಾಆಂಪಿಯರಿಗೆ ತಂದು ತೋರಿಸಿತು.

ಲಂಬ ಕ್ಷೇತ್ರದ ತೊಂದರೆ ಇರುವುದು ಮೊದಲ ಕ್ಷಣದಲ್ಲಿ. ಅನಿಲ ಒಡೆದು ಪ್ಲಾಸ್ಮಾ ಆಗಬೇಕಾದರೆ ಒಂದು ಎಲೆಕ್ಟ್ರಾನ್ ಗೋಡೆಗೆ ಬಡಿಯುವ ಮುನ್ನ ಬಹು ದೂರ ಓಡಿ, ಪರಮಾಣುಗಳಿಗೆ ಢಿಕ್ಕಿ ಹೊಡೆದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಬಿಡಿಸಬೇಕು. ಅದಕ್ಕೆ ಅಡ್ಡಾದಿಡ್ಡಿ ಕ್ಷೇತ್ರಗಳು ಸೊನ್ನೆಯ ಹತ್ತಿರ ಇರುವ ಜಾಗ ಬೇಕು. ಅದೇ ಹೊತ್ತಿಗೆ ನೀವು ಲಂಬ ಕ್ಷೇತ್ರವನ್ನು ಏರಿಸಲು ಹೊರಟರೆ ಎಲೆಕ್ಟ್ರಾನಿನ ದಾರಿ ಗೋಡೆಯಲ್ಲಿ ಮುಗಿಯುತ್ತದೆ. ಜೊತೆಗೆ ಪಾತ್ರೆಯ ಲೋಹದ ಗೋಡೆಯಲ್ಲೂ ಪ್ರೇರಿತ ಪ್ರವಾಹ ಹರಿದು ಲೆಕ್ಕವನ್ನೆಲ್ಲ ಕಲಸುತ್ತದೆ. ಇಟರ್ ತರಹದ ಯಂತ್ರದಲ್ಲಿ ಮೀಟರಿಗೆ 0.3 ವೋಲ್ಟ್ ಮಾತ್ರ ವಿದ್ಯುತ್ ಕ್ಷೇತ್ರ ಸಿಗುವುದರಿಂದ ಅಲ್ಲಿ ಕೂಡ ಮೈಕ್ರೋವೇವ್ ನೆರವು ಬೇಕೇ ಬೇಕು.

ಎರಡನೆಯದು ನನಗೆ ಬಹಳ ಇಷ್ಟವಾದ ದಾರಿ, ಅದರ ಒರಟುತನಕ್ಕಾಗಿಯೇ. ಪಾತ್ರೆಯ ಒಳಗೋಡೆ ಮತ್ತು ಹೊರಗೋಡೆಯನ್ನು ಪಿಂಗಾಣಿ ಉಂಗುರಗಳಿಂದ ಬೇರ್ಪಡಿಸಿ, ಅವೆರಡನ್ನೇ ವಿದ್ಯುದ್ವಾರಗಳಾಗಿ ಮಾಡಿಬಿಡುತ್ತಾರೆ. ಕೆಪಾಸಿಟರುಗಳಿಂದ ಸಾವಿರ ವೋಲ್ಟಿನ ಮಟ್ಟದ ಒತ್ತಡ ಕೊಟ್ಟಾಗ ಕೆಳಭಾಗದಲ್ಲಿ ಅನಿಲ ಒಡೆದು, ಕ್ಷೇತ್ರರೇಖೆಗಳ ಗುಂಟ ಪ್ರವಾಹ ಹರಿಯುತ್ತದೆ. ರೇಖೆಗಳು ಉಂಗುರದ ಸುತ್ತ ಅನೇಕ ಸುತ್ತು ಸುತ್ತಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗುವುದರಿಂದ ಒಳಬಿಟ್ಟ ಕೆಲವೇ ಕಿಲೋಆಂಪಿಯರ್ ಹತ್ತಾರು ಪಟ್ಟು ಹೆಚ್ಚಾಗಿ ಉಂಗುರದ ಪ್ರವಾಹವಾಗಿ ಕಾಣಿಸುತ್ತದೆ. ಪ್ಲಾಸ್ಮಾ ಉಬ್ಬುತ್ತ ಪಾತ್ರೆಯನ್ನು ತುಂಬುತ್ತದೆ. ಆಗ ಗೋಡೆಯ ಪ್ರವಾಹವನ್ನು ಥಟ್ಟನೆ ನಿಲ್ಲಿಸಬೇಕು. ಕೆಳಗಿನ ಕಿರಿದಾದ ಕುತ್ತಿಗೆಯಲ್ಲಿ ಕ್ಷೇತ್ರರೇಖೆಗಳು ಕಡಿದು ಮತ್ತೆ ಕೂಡಿಕೊಂಡು, ಮೇಲ್ಭಾಗ ಮುಚ್ಚಿದ ಪದರಗಳಾಗಿ ಬೇರ್ಪಡುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಚ್‌ಐಟಿ-2 ಯಂತ್ರದಲ್ಲಿ ಪಳಗಿದ ಈ ತಂತ್ರ ಎನ್‌ಎಸ್‌ಟಿಎಕ್ಸ್‌ನಲ್ಲಿ 160 ಕಿಲೋಆಂಪಿಯರ್ ಮುಚ್ಚಿದ ಪ್ರವಾಹ ಕೊಟ್ಟಿತು. ಹೀಗೆ ಶುರುವಾದ ಪ್ಲಾಸ್ಮಾವನ್ನು ಸೊಲೆನಾಯ್ಡಿಗೆ ಒಪ್ಪಿಸಿ ಒಂದು ಮೆಗಾಆಂಪಿಯರಿಗೆ ಏರಿಸಿದಾಗ ಮೂರನೇ ಒಂದು ಭಾಗದಷ್ಟು ಫ್ಲಕ್ಸ್ ಉಳಿತಾಯವಾಯಿತು.

ಗೋಡೆಯನ್ನೇ ವಿದ್ಯುದ್ವಾರ ಮಾಡಿದರೆ ಗೋಡೆಯ ಚೂರುಪಾರು ಪ್ಲಾಸ್ಮಾಕ್ಕೆ ಸೇರುತ್ತದೆ. ಇಂಗಾಲ, ಆಮ್ಲಜನಕದಂಥ ಕಲ್ಮಶಗಳು ಹತ್ತರಿಂದ ನೂರು ಎಲೆಕ್ಟ್ರಾನ್‌ವೋಲ್ಟ್ ಉಷ್ಣತೆಯ ನಡುವೆ (ಒಂದು ಎಲೆಕ್ಟ್ರಾನ್‌ವೋಲ್ಟ್ ಎಂದರೆ ಸುಮಾರು 11,600 ಡಿಗ್ರಿ) ಬೆಳಕನ್ನು ಸೂಸಿ ಶಕ್ತಿಯನ್ನೆಲ್ಲ ಬಸಿದುಬಿಡುತ್ತವೆ. ಆ ತಡೆಯನ್ನು ದಾಟದ ಪ್ಲಾಸ್ಮಾ ತಣ್ಣಗೇ ಉಳಿಯುತ್ತದೆ, ತಣ್ಣಗಿನ ಪ್ಲಾಸ್ಮಾದಲ್ಲಿ ಪ್ರವಾಹ ಬೇಗ ಕರಗುತ್ತದೆ. ಸ್ಥಾವರವೊಂದರ ಪಾತ್ರೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ ನಡುವೆ ಪಿಂಗಾಣಿ ಹಾಕಲು, ನ್ಯೂಟ್ರಾನುಗಳ ಸುರಿಮಳೆಯಲ್ಲಿ ಅದನ್ನು ಉಳಿಸಿಕೊಳ್ಳಲು ಎಂಜಿನಿಯರುಗಳು ಸುಲಭಕ್ಕೆ ಒಪ್ಪುವುದೂ ಇಲ್ಲ.

ಇದರ ದಾಯಾದಿಯಂಥ ಇನ್ನೊಂದು ತಂತ್ರ ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪೆಗಾಸಸ್ ಯಂತ್ರದ್ದು. ಅಲ್ಲಿ ಗೋಡೆಯ ಬದಲು ಅಂಚಿನಲ್ಲಿ ಪುಟ್ಟ ಪ್ಲಾಸ್ಮಾ ಬಂದೂಕುಗಳನ್ನಿಡುತ್ತಾರೆ. ಅವು ಹೊರಬಿಡುವ ಪ್ರವಾಹದ ಎಳೆಗಳು ಸುರುಳಿ ಸುತ್ತುತ್ತ ಹೋಗಿ, ಒಂದರ ಪಕ್ಕ ಒಂದು ಬಂದಾಗ ಪರಸ್ಪರ ಸೆಳೆದು ಬೆಸೆದುಕೊಳ್ಳುತ್ತವೆ. ಇಂಥ ಗೋಜಲು ತಾನಾಗಿಯೇ ಸರಳ ರೂಪಕ್ಕೆ ಇಳಿಯುತ್ತದೆ ಎಂದು ಕಲ್ಹಮ್‌ನ ಜೆ. ಬಿ. ಟೇಲರ್ 1974ರಲ್ಲಿ ತೋರಿಸಿದ್ದರು: ಕ್ಷೇತ್ರದ ಒಟ್ಟು ಹುರಿ ಹಾಗೇ ಉಳಿದು, ಶಕ್ತಿ ಮಾತ್ರ ಸಾಧ್ಯವಾದಷ್ಟು ಕೆಳಗಿಳಿಯುತ್ತದೆ. ಪೆಗಾಸಸ್‌ನಲ್ಲಿ ಹೀಗೆ ಸುಮಾರು 200 ಕಿಲೋಆಂಪಿಯರ್ ಸಿಕ್ಕಿದೆ. ಬಂದೂಕುಗಳನ್ನು ಕೆಲಸ ಮುಗಿದ ಮೇಲೆ ಹಿಂದಕ್ಕೆಳೆದುಕೊಳ್ಳಬಹುದು ಎಂಬುದೇ ಇದರ ದೊಡ್ಡ ಅನುಕೂಲ.

ಕಲ್ಹಮ್‌ನವರ ಸ್ವಂತ ತಂತ್ರ ಎರಡು ಪ್ಲಾಸ್ಮಾ ಉಂಗುರಗಳನ್ನು ಮೇಲೆ ಕೆಳಗೆ ಮಾಡಿ, ಒಂದಕ್ಕೊಂದು ಸೆಳೆಯಲು ಬಿಟ್ಟು, ನಡುವೆ ಬೆಸೆದು ಒಳಕ್ಕೆ ಹಿಂಡುವುದು. ಬೆಸೆಯುವಾಗಿನ ಶಕ್ತಿಯಿಂದ ಅಯಾನುಗಳೂ ಬಿಸಿಯಾಗುತ್ತವೆ. ಸ್ಟಾರ್ಟ್, ಅದರ ನಂತರ ಬಂದ ಮಾಸ್ಟ್, ಈಗ ಖಾಸಗಿ ಕಂಪನಿಯೊಂದರ ಎಸ್‌ಟಿ40 ಎಲ್ಲವೂ ಇದನ್ನು ಬಳಸಿವೆ. ಚೆಲುವಾದ ಪ್ರಯೋಗ. ಆದರೆ ಇದಕ್ಕೆ ಸುರುಳಿಗಳು ಪಾತ್ರೆಯ ಒಳಗೇ ಇರಬೇಕು. ಸ್ಥಾವರದಲ್ಲಿ ಅದು ನಡೆಯುವ ಮಾತಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಸ್ಥಾವರಕ್ಕೆ ಒಗ್ಗುವಂಥದ್ದು ಮೈಕ್ರೋವೇವ್. ಪಾತ್ರೆಯೊಳಗೆ ಒಂದು ಕನ್ನಡಿ ಸಾಕು, ಯಂತ್ರದ ಉಳಿದ ಭಾಗವೆಲ್ಲ ದೂರದ ಕೋಣೆಯಲ್ಲಿರಬಹುದು. ಎಲೆಕ್ಟ್ರಾನ್ ಕ್ಷೇತ್ರರೇಖೆಯ ಸುತ್ತ ಗಿರಕಿ ಹೊಡೆಯುವ ಆವರ್ತನ ಒಂದು ಟೆಸ್ಲಾಗೆ 28 ಗಿಗಾಹರ್ಟ್ಸ್. ಅದೇ ಆವರ್ತನದ ತರಂಗ ಕೊಟ್ಟರೆ ಎಲೆಕ್ಟ್ರಾನ್ ಶಕ್ತಿ ಹೀರುತ್ತದೆ. ಸಣ್ಣ ಲಂಬ ಕ್ಷೇತ್ರವೂ ಇದ್ದರೆ, ಬಿಸಿ ಎಲೆಕ್ಟ್ರಾನುಗಳಲ್ಲಿ ಒಂದು ದಿಕ್ಕಿಗೆ ಹೋಗುವವು ಉಳಿದು ಇನ್ನೊಂದು ದಿಕ್ಕಿನವು ತಪ್ಪಿಸಿಕೊಳ್ಳುತ್ತವೆ. ಈ ಅಸಮಾನತೆಯೇ ಪ್ರವಾಹ. ಅದು ಸಾಕಷ್ಟು ಬೆಳೆದಾಗ ತೆರೆದ ರೇಖೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕ್ಯೋಟೊದ ಲೇಟ್, ಕ್ಯುಶು ವಿಶ್ವವಿದ್ಯಾಲಯದ ಕ್ವೆಸ್ಟ್ ಯಂತ್ರಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ.

ಗೋಳಾಕಾರದ ಯಂತ್ರಕ್ಕೆ ಇಲ್ಲೊಂದು ವಿಚಿತ್ರ ಶಾಪವಿದೆ. ಕಡಿಮೆ ಕ್ಷೇತ್ರದಲ್ಲಿ ಹೆಚ್ಚು ಪ್ಲಾಸ್ಮಾ ಹಿಡಿಯುವುದೇ ಅದರ ಹೆಗ್ಗಳಿಕೆ ಎಂದೆನಲ್ಲ, ಅದೇ ಮುಳುವಾಗುತ್ತದೆ. ಅರ್ಧ ಟೆಸ್ಲಾದಲ್ಲಿ ಎಲೆಕ್ಟ್ರಾನಿನ ಗಿರಕಿ 14 ಗಿಗಾಹರ್ಟ್ಸ್. ಘನ ಮೀಟರಿಗೆ 3ರ ಮುಂದೆ 19 ಸೊನ್ನೆಗಳಷ್ಟು ಎಲೆಕ್ಟ್ರಾನ್ ಇರುವ ಪ್ಲಾಸ್ಮಾ ಸುಮಾರು 49 ಗಿಗಾಹರ್ಟ್ಸ್‌ಗಿಂತ ಕೆಳಗಿನ ಸಾಮಾನ್ಯ ತರಂಗವನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ಎಸೆಯುತ್ತದೆ. ಆಗ ತರಂಗವನ್ನು ಪ್ಲಾಸ್ಮಾದೊಳಗೇ ಬೇರೆ ಬಗೆಯ ತರಂಗವಾಗಿ, ಎಲೆಕ್ಟ್ರಾನ್ ಬರ್ನ್‌ಸ್ಟೈನ್ ತರಂಗವಾಗಿ ಬದಲಾಯಿಸಬೇಕು. ಅದಕ್ಕೆ ಸಾಂದ್ರತೆಯ ಮಿತಿ ಇಲ್ಲ. ಮಾಸ್ಟ್‌ನಲ್ಲಿ ಮಾಡಿದ್ದು ಸೊಗಸಾಗಿತ್ತು: ಹೊರಗಿನಿಂದ ಬಿಟ್ಟ 28 ಗಿಗಾಹರ್ಟ್ಸ್ ತರಂಗ ಪ್ಲಾಸ್ಮಾವನ್ನು ಹಾದು ನಡುಗಂಬಕ್ಕೆ ಬಡಿಯುತ್ತದೆ, ಕಂಬದ ಮೇಲೆ ಕೊರೆದ ಗೀರುಗಳ ಕನ್ನಡಿ ಅದರ ಕಂಪನದ ದಿಕ್ಕನ್ನು ತಿರುಗಿಸಿ ವಾಪಸು ಕಳಿಸುತ್ತದೆ, ಒಳಬದಿಯಿಂದ ಬರುವ ಆ ತರಂಗ ದಾರಿಯಲ್ಲಿ ರೂಪ ಬದಲಿಸಿ ಎಲೆಕ್ಟ್ರಾನುಗಳಿಗೆ ಶಕ್ತಿ ಕೊಡುತ್ತದೆ. ನೂರು ಕಿಲೋವಾಟ್ ಮಟ್ಟದ ಶಕ್ತಿಯಿಂದ ಪ್ರವಾಹ 70 ಕಿಲೋಆಂಪಿಯರ್ ದಾಟಿತು.

ಇಷ್ಟೆಲ್ಲ ಅಂಕಿಗಳನ್ನು ಕೇಳಿದಿರಿ: 70, 160, 200 ಕಿಲೋಆಂಪಿಯರ್. ಹುಟ್ಟಿಸುವ ಕೆಲಸ ಆಗುತ್ತಿದೆ. ನನ್ನ ತಕರಾರು ಇರುವುದು ಮುಂದಿನ ಹಂತದ ಬಗ್ಗೆ, ಅದಕ್ಕೆ ಸಿಗುವ ಗಮನ ಸಾಲದು. ದೊಡ್ಡ ಯಂತ್ರಕ್ಕೆ ಬೇಕಿರುವುದು ಹತ್ತು, ಇಪ್ಪತ್ತು ಮೆಗಾಆಂಪಿಯರ್. ನಡುವಿನ ದಾರಿಯನ್ನು ತುಂಬಬೇಕಾದವರು ಯಾರು? ಶಕ್ತಿಯುತ ಕಣಗಳ ಕಿರಣ ಒಂದು ಅಭ್ಯರ್ಥಿ. ಆದರೆ ಒಳಬಿಟ್ಟ ವೇಗದ ಅಯಾನುಗಳನ್ನು ಹಿಡಿದಿಡುವುದು ಪ್ಲಾಸ್ಮಾದ ಪ್ರವಾಹವೇ. ಪ್ರವಾಹ ಐದನೇ ಒಂದು ಭಾಗವಾದರೆ ಅಯಾನಿನ ಕಕ್ಷೆಯ ಅಗಲ ಐದು ಪಟ್ಟಾಗುತ್ತದೆ, ಅಯಾನು ನೇರ ಗೋಡೆಗೆ ಹೋಗುತ್ತದೆ. ಪ್ಲಾಸ್ಮಾದ ಒತ್ತಡದ ಇಳಿಜಾರಿನಿಂದ ತಾನಾಗಿ ಹುಟ್ಟುವ ಬೂಟ್‌ಸ್ಟ್ರಾಪ್ ಪ್ರವಾಹ ಇನ್ನೊಂದು ಅಭ್ಯರ್ಥಿ. 1971ರಲ್ಲಿ ಬಿಕರ್ಟನ್, ಕಾನರ್, ಟೇಲರ್ ಅದನ್ನು ಊಹಿಸಿದ್ದರು. ಗೋಳಾಕಾರದ ಯಂತ್ರದಲ್ಲಿ ಅದು ಹೇರಳ. ಆದರೆ ಅದಕ್ಕೆ ಒತ್ತಡ ಬೇಕು, ಒತ್ತಡಕ್ಕೆ ಒಳ್ಳೆಯ ಹಿಡಿತ ಬೇಕು, ಹಿಡಿತಕ್ಕೆ ಪ್ರವಾಹ ಬೇಕು. ಮೈಕ್ರೋವೇವ್‌ನಿಂದ ಹುಟ್ಟಿದ ಪ್ರವಾಹವೋ ಕೆಲವೇ ಅತಿವೇಗದ ಎಲೆಕ್ಟ್ರಾನುಗಳ ಬೆನ್ನ ಮೇಲೆ, ತೆಳು ಪ್ಲಾಸ್ಮಾದಲ್ಲಿ ನಿಂತಿರುತ್ತದೆ. ಸಾಂದ್ರತೆ ಹೆಚ್ಚಿಸಲು ಅನಿಲ ಬಿಟ್ಟರೆ ಢಿಕ್ಕಿಗಳು ಹೆಚ್ಚಾಗಿ ಅದೇ ಕರಗುತ್ತದೆ.

ಇನ್ನೊಂದು ತೊಡಕು ಹೊರಗಿನವರಿಗೆ ವಿಚಿತ್ರವೆನಿಸುತ್ತದೆ. ಪ್ಲಾಸ್ಮಾ ಒಂದು ಕಿಲೋ ಎಲೆಕ್ಟ್ರಾನ್‌ವೋಲ್ಟ್ ತಲುಪಿದಾಗ ಅದರ ವಿದ್ಯುತ್ ರೋಧ ತಾಮ್ರದ ಮಟ್ಟಕ್ಕೆ ಬರುತ್ತದೆ. ಒಳ್ಳೆಯ ವಾಹಕ ತನ್ನೊಳಗಿನ ಕಾಂತಕ್ಷೇತ್ರ ಬದಲಾಗುವುದನ್ನು ವಿರೋಧಿಸುತ್ತದೆ. ತರಂಗಗಳಿಂದ ನೀವು ಪ್ರವಾಹ ಹೆಚ್ಚಿಸಿದಷ್ಟೂ ಪ್ಲಾಸ್ಮಾ ಎದುರು ದಿಕ್ಕಿನ ವೋಲ್ಟೇಜ್ ಹುಟ್ಟಿಸಿ, ಉಳಿದ ಎಲೆಕ್ಟ್ರಾನುಗಳನ್ನು ಹಿಂದಕ್ಕೆ ಓಡಿಸುತ್ತದೆ. ಮೊದಲೇ ಚೆನ್ನಾಗಿ ಬಿಸಿ ಮಾಡಿದರೆ ಏರಿಕೆ ನಿಧಾನ, ತಣ್ಣಗಿಟ್ಟರೆ ಪ್ರವಾಹವೇ ನಿಲ್ಲುವುದಿಲ್ಲ. ಎನ್‌ಎಸ್‌ಟಿಎಕ್ಸ್ ಗಾತ್ರದ ಬಿಸಿ ಪ್ಲಾಸ್ಮಾದಲ್ಲಿ ಈ ಹೊಂದಾಣಿಕೆಗೆ ಕೆಲವು ಸೆಕೆಂಡು ಬೇಕು, ಸ್ಥಾವರದಲ್ಲಿ ಸಾವಿರ ಸೆಕೆಂಡಿನ ಮಟ್ಟಕ್ಕೆ ಹೋಗುತ್ತದೆ. ಸೊಲೆನಾಯ್ಡ್ ಇದ್ದಾಗ ಅವಸರ ಮಾಡಿದರೆ ಪ್ರವಾಹ ಹೊರಪದರದಲ್ಲೇ ಗುಂಪುಗೂಡಿ ಅಸ್ಥಿರತೆ ಹುಟ್ಟುತ್ತಿತ್ತು. ಇಲ್ಲಿ ಅವಸರ ಮಾಡುವ ಶಕ್ತಿಯೇ ನಮಗಿಲ್ಲ.

ನಾಟಿಂಗ್‌ಹ್ಯಾಮ್‌ಶೈರ್‌ನ ವೆಸ್ಟ್ ಬರ್ಟನ್‌ನಲ್ಲಿ 2040ರ ಹೊತ್ತಿಗೆ ಮೂಲಮಾದರಿ ಸ್ಥಾವರ ಕಟ್ಟಲು ಹೊರಟಿರುವ ಬ್ರಿಟನ್ನಿನ ಸ್ಟೆಪ್ ಯೋಜನೆ ಪ್ರವಾಹ ನಡೆಸಲು ಮೈಕ್ರೋವೇವ್‌ಗಳನ್ನೇ ನೆಚ್ಚಿಕೊಂಡಿದೆ. ಪೆಗಾಸಸ್-3 ಸೊಲೆನಾಯ್ಡನ್ನೇ ಕಿತ್ತುಹಾಕಿ, ಬಂದೂಕು, ಗೋಡೆಯ ಪ್ರವಾಹ, ಮೈಕ್ರೋವೇವ್ ಮೂರನ್ನೂ ಒಂದೇ ಪಾತ್ರೆಯಲ್ಲಿ ಹೋಲಿಸಲು ಹೊರಟಿದೆ. ಮುಂದಿನ ವರ್ಷಗಳಲ್ಲಿ ಹೊಸ ದಾಖಲೆಯ ಸುದ್ದಿ ಓದಿದಾಗ ಕಿಲೋಆಂಪಿಯರ್ ಎಷ್ಟು ಎಂಬಲ್ಲಿಗೆ ನಿಲ್ಲಬೇಡಿ. ಆ ಪ್ರವಾಹದಲ್ಲಿ ಮುಚ್ಚಿದ ಪದರಗಳ ಪಾಲೆಷ್ಟು, ಸಾಂದ್ರತೆ ಎಷ್ಟಿತ್ತು, ಎಲೆಕ್ಟ್ರಾನುಗಳ ಉಷ್ಣತೆ ನೂರು ಎಲೆಕ್ಟ್ರಾನ್‌ವೋಲ್ಟ್ ದಾಟಿತ್ತೇ ಎಂದು ಹುಡುಕಿ. 300 ಕಿಲೋಆಂಪಿಯರ್ ತಣ್ಣನೆಯ, ಕೊಳಕು ಪ್ಲಾಸ್ಮಾಕ್ಕಿಂತ 100 ಕಿಲೋಆಂಪಿಯರ್ ಬಿಸಿಯಾದ, ಸ್ವಚ್ಛ ಪ್ಲಾಸ್ಮಾವನ್ನೇ ನಾನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಮುಂದಿನ ಯಂತ್ರ ಕೈಗೆತ್ತಿಕೊಳ್ಳಲು ಒಪ್ಪುವುದು ಅದನ್ನೇ.